ಹವ್ಯಾಸ ಖುಷಿಗೆ ಅಷ್ಟೇ ಇರಲಿ: ಪರ-ವಿರೋಧ

ಪರ: ಜಗಲಿಯ ತಾಳಮದ್ದಲೆಯೇ ಸಾಕು
(ಶಿರಸಿಯ ಅಡಿಕೆ ಬೆಳೆಗಾರ)

ಮಳೆಗಾಲ ಬಂದರೆ ನಮ್ಮೂರಲ್ಲಿ ತಾಳಮದ್ದಲೆ ಶುರು, ಅಂದರೆ ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಿ ಬಂದು, ಮೈಗಂಟಿದ ಮೈಲುತುತ್ತ ತೊಳೆದುಕೊಂಡು ಜಗಲಿಯಲ್ಲಿ ಕೂರುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಪಾತ್ರವಾಗಿ ಮಾತಾಡಿ ಅರ್ಥ ಹೇಳಬೇಕು. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ. ಎದುರಿನವನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮೂವತ್ತು ವರ್ಷ ಆಯಿತು. ಇದಕ್ಕಿಂತ ದೊಡ್ಡ ಖುಷಿ ನನಗೆ ಗೊತ್ತಿಲ್ಲ.

ಒಂದು ವರ್ಷ ಮಾತ್ರ ಸಂಭಾವನೆಗೆ ಒಪ್ಪಿದ್ದೆ. ಎಂಟು ಕಡೆ ಕರೆದರು. ಎಂಟೂ ಕಡೆ ನನ್ನ ವಾಲಿಯೇ ಬೇಕು ಅಂದರು. ಐದನೇ ಸಲಕ್ಕೆ ಮಾತು ಬಾಯಿಪಾಠ ಆಗಿತ್ತು. ಬಾಣ ತಾಗಿ ಬಿದ್ದ ವಾಲಿ 'ಮರೆಯಲ್ಲಿ ನಿಂತು ಯಾಕೆ ಹೊಡೆದೆ' ಅಂತ ರಾಮನನ್ನು ಕೇಳುವ ಜಾಗ ಇದೆಯಲ್ಲ, ಅಲ್ಲಿ ನನಗೆ ಯಾವತ್ತೂ ಗಂಟಲುಬ್ಬಿ ಬರುತ್ತಿತ್ತು. ಆ ರಾತ್ರಿ ಬರಲಿಲ್ಲ. ರಾಮನ ಅರ್ಥ ಹೇಳುತ್ತಿದ್ದ ಹುಡುಗ ಹೊಸ ಪ್ರಶ್ನೆ ಎತ್ತಿದ. ಒಳ್ಳೆಯ ಪ್ರಶ್ನೆ. ನಾನು ಅದನ್ನು ಬಿಟ್ಟು ಚಪ್ಪಾಳೆ ಬೀಳುವ ಮಾತಿಗೆ ಹಾರಿದೆ. ಹುಡುಗನ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ಲಕೋಟೆ ಬಿಚ್ಚುವ ಮನಸ್ಸೇ ಆಗಲಿಲ್ಲ. ಮುಂದಿನ ಮಳೆಗಾಲಕ್ಕೆ ಪುನಃ ಜಗಲಿಗೆ ಬಂದೆ. ಆ ಹುಡುಗನನ್ನೇ ಮೊದಲು ಕರೆದೆ. ಬೆಳಗಿನ ಜಾವದವರೆಗೆ ಇಬ್ಬರೂ ವಾದ ಮಾಡಿದೆವು. ಕೇಳಲು ಹತ್ತು ಜನ ಇದ್ದರೆ ಜಾಸ್ತಿ.

ಪುಕ್ಕಟೆ ಮಾಡಿದರೆ ಕಲೆ ಉಳಿಯಲ್ಲ ಅನ್ನುವವರಿದ್ದಾರೆ. ಅವರಿಗೆ ಎಲ್ಲವೂ ಅಂಗಡಿ ಸಾಮಾನು. ಬಾಗಿಲಿಗೆ ರಂಗೋಲಿ ಹಾಕುವ ಅಮ್ಮನಿಗೂ ಸಂಬಳ ಕೊಡುತ್ತಾರಾ? ಖುಷಿಗೆ ಮಾಡಿದ್ದು ಖುಷಿಗೇ ಇರಲಿ.

ವಿರೋಧ: ಶಾಲು ಹೊದಿಸಿದರೆ ಸಾಲದು
(ಹೊನ್ನಾವರದ ಶಿಕ್ಷಕ)

ವಿರೋಧದ ಕಡೆ ನೀವು ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಖುಷಿಗೆ ಮಾಡುವುದು ತಪ್ಪು ಅಂತ ನಾನೂ ಹೇಳಲಾರೆ. ಆದರೆ ತೋಟ ಇದ್ದವರಿಗೆ ದುಡ್ಡು ಬೇಡ ಅನ್ನುವುದು ಸುಲಭ.

ನಮ್ಮ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಅನ್ನುವ ಯಕ್ಷಗಾನ ತಂಡ ಕಟ್ಟಿದರು. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅವರು ಮೇಳದಲ್ಲೇ ಬದುಕು ಕಟ್ಟಿಕೊಂಡವರು. ಹಾಗಂತ ಅವರ ಭಸ್ಮಾಸುರನಲ್ಲಿ ಜೀವ ಕಡಿಮೆ ಇತ್ತಾ?

ನಮ್ಮ ಭಾವ ಮದ್ದಲೆ ನುಡಿಸುತ್ತಿದ್ದರು. ರಾತ್ರಿಯಿಡೀ ನುಡಿಸಿದರೆ ಮರುದಿನದ ಕೂಲಿ ತಪ್ಪುತ್ತಿತ್ತು. ತಡರಾತ್ರಿ ಬಸ್ಸೂ ಇಲ್ಲ, ರಿಕ್ಷಾ ಮಾಡಬೇಕು. ಮದ್ದಲೆಯ ಚರ್ಮ ಹರಿದರೆ ಅದಕ್ಕೂ ಕೈಯಿಂದಲೇ ಖರ್ಚು. ಕರೆದವರು 'ನಿಮಗೆ ಹವ್ಯಾಸ ಅಲ್ವಾ' ಅಂತ ಶಾಲು ಹೊದಿಸಿ ಕಳಿಸುತ್ತಿದ್ದರು. ಶಾಲು ಹದಿನಾಲ್ಕು ಆದವು. ಕೊನೆಗೆ ಒಂದು ಸಲ ಚರ್ಮ ಹರಿದಾಗ ಭಾವ ಹೊಸದು ಹಾಕಿಸಲಿಲ್ಲ. ಅಕ್ಕ ಮದ್ದಲೆಯನ್ನು ಅದೇ ಶಾಲುಗಳಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಈಗಲೂ ಅಲ್ಲೇ ಇದೆ.