ಗಾಳಿ ಎಂಬ ಎಡಗೈ

ಸಾಗರ ಸೀಮೆಯ ನಮ್ಮೂರಿನಲ್ಲಿ ಹುಲ್ಲು ಕೊಯ್ಯುವುದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ದೀಪಾವಳಿ ಕಳೆದ ಮೇಲೆ ಗುಡ್ಡದ ಹುಲ್ಲುಗಾವಲಾದ ಬೇಣದಲ್ಲಿ ಕರಡವೆಂಬ ಹುಲ್ಲು ಕೊಯ್ಯುವ ಅಪ್ಪಯ್ಯನ ಹಿಂದೆ ನಿಂತು ನೋಡುತ್ತ ನೋಡುತ್ತ ಬಂದ ಕೆಲಸವದು. ಎಡಗೈ ಒಂದು ಹಿಡಿ ಹುಲ್ಲನ್ನು ಬಾಚಿ ಬಿಗಿಯಾಗಿ ಹಿಡಿಯುತ್ತದೆ, ಬಲಗೈಯ ಕತ್ತಿ ಬುಡಕ್ಕೆ ತಾಗಿ ತನ್ನತ್ತ ಎಳೆಯುತ್ತದೆ, ಅದೇ ಎಡಗೈ ಕೊಯ್ದ ಹಿಡಿಯನ್ನು ಪಕ್ಕಕ್ಕೆ ಹಾಕಿ ಮುಂದಿನ ಹಿಡಿಗೆ ಚಾಚುತ್ತದೆ. ಹೊಗಳಿಕೆಯೆಲ್ಲ ಬಲಗೈಗೆ, ಕತ್ತಿಗೆ. ಎಡಗೈಯ ಬೆಲೆ ನನಗೆ ತಿಳಿದದ್ದು ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದು, ಮುಕ್ಕಾಲು ಎಕರೆ ಹುಲ್ಲುಹಾಸಿನ ಮನೆ ಕೊಂಡು, 42 ಅಂಗುಲ ಅಗಲಕ್ಕೆ ಕೊಯ್ಯುವ ರೈಡಿಂಗ್ ಮೋವರ್ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ) ಏರಿ ಎರಡು ವರ್ಷ ಕೆಟ್ಟದಾಗಿ ಹುಲ್ಲು ಕತ್ತರಿಸಿದ ಮೇಲೆಯೇ.

ಕೆಟ್ಟದಾಗಿ ಎಂದರೆ ಹೇಗೆಂದು ಹೇಳಬೇಕು. ನಾನು ಇಳಿದು ಹಿಂದಿರುಗಿ ನೋಡಿದರೆ ಅಲ್ಲಲ್ಲಿ ಅರ್ಧ ಬಾಗಿದ, ಕತ್ತರಿಸದ ಹುಲ್ಲಿನ ಪಟ್ಟೆ ಉಳಿದಿರುತ್ತಿತ್ತು. ಯಂತ್ರದ ಬಲಬದಿಯ ಬಾಯಿಂದ ಹೊರಬೀಳಬೇಕಾದ ಚೂರು ಹರಡಿ ಬೀಳದೆ, ಉಂಡೆ ಉಂಡೆಯಾಗಿ ಸಾಲು ಹಿಡಿಯುತ್ತಿತ್ತು. ಎರಡು ದಿನ ಬಿಟ್ಟರೆ ಆ ಉಂಡೆಗಳ ಅಡಿಯ ಹುಲ್ಲು ಹಳದಿಯಾಗುತ್ತಿತ್ತು. ಮರುದಿನ ಬೆಳಿಗ್ಗೆ ಕಾಫಿ ಹಿಡಿದು ನೋಡಿದರೆ ಇಡೀ ಅಂಗಳಕ್ಕೆ ಬೂದಿ ಎರಚಿದ ಹಾಗೆ ಬಿಳಿಚಿದ ಬಣ್ಣ. ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಮದ್ದು ಒಂದೇ, ಇನ್ನಷ್ಟು ಅಶ್ವಶಕ್ತಿಯ ಎಂಜಿನ್. ಕೊಳ್ಳುವ ಹಂತಕ್ಕೂ ಬಂದಿದ್ದೆ.

ತಡೆದವರು ನೆರೆಮನೆಯ ಹಿರಿಯರು. ಹಿಂದೆ ತಂಬಾಕು ಬೆಳೆಯುತ್ತಿದ್ದವರು. ಮೊಣಕಾಲೂರಿ ಕುಳಿತು ಒಂದು ಎಸಳು ಕಿತ್ತು ನನ್ನ ಅಂಗೈಗೆ ಹಾಕಿದರು. ತುದಿ ಕತ್ತರಿಸಿದಂತಿರಲಿಲ್ಲ, ಹಳೆಯ ಪಂಚೆಯ ಅಂಚಿನಂತೆ ನಾರು ನಾರಾಗಿ ಹರಿದಿತ್ತು. ಹರಿದ ನಾರು ಒಣಗಿ ಬಿಳಿಚುತ್ತದೆ, ನಾನು ಕಂಡ ಬೂದಿ ಬಣ್ಣ ಅದೇ. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: ಬ್ಲೇಡ್ ಬಂದು ಹೊಡೆಯುವಾಗ ಈ ಎಸಳನ್ನು ಹಿಡಿದುಕೊಂಡಿರುವವರು ಯಾರು?

ಯಾರೂ ಇಲ್ಲ. ಕತ್ತರಿಗೆ ಎರಡು ಅಲಗುಗಳಿವೆ, ಕತ್ತಿಗೆ ಎಡಗೈಯ ಆಸರೆಯಿದೆ, ಮೋವರಿನ ಬ್ಲೇಡಿಗೆ ಎರಡೂ ಇಲ್ಲ. ಅದು ಆಸರೆಯಿಲ್ಲದ ಎಸಳನ್ನು ಕೇವಲ ವೇಗದಿಂದ ಹೊಡೆದು ತುಂಡರಿಸುತ್ತದೆ. ಇಲ್ಲಿನ ಸುರಕ್ಷತಾ ಮಾನದಂಡವು ಬ್ಲೇಡಿನ ತುದಿಗೆ ವಿಧಿಸಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಅಷ್ಟು ವೇಗವಿದ್ದರೂ ಎಸಳು ನೆಟ್ಟಗೆ ನಿಂತಿರದಿದ್ದರೆ ಬ್ಲೇಡ್ ಅದರ ಮೇಲೆ ಹಾದುಹೋಗುತ್ತದೆ. ಆದ್ದರಿಂದಲೇ ಬ್ಲೇಡಿನ ಹಿಂಬದಿಯ ಅಂಚನ್ನು ಮೊರದ ಅಂಚಿನಂತೆ ಮೇಲಕ್ಕೆ ಬಾಗಿಸಿರುತ್ತಾರೆ. ಆ ರೆಕ್ಕೆ ತಿರುಗುವಾಗ ಡೆಕ್ಕಿನೊಳಗೆ, ಅಂದರೆ ಬ್ಲೇಡನ್ನು ಮುಚ್ಚಿರುವ ಲೋಹದ ಬೋಗುಣಿಯೊಳಗೆ, ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತದೆ, ಬಾಗಿದ ಹುಲ್ಲು ಆ ಸೆಳೆತಕ್ಕೆ ಎದ್ದು ನಿಲ್ಲುತ್ತದೆ, ತುಂಡಾದ ಚೂರು ಅದೇ ಗಾಳಿಯ ಸುಳಿಯಲ್ಲಿ ಸುತ್ತಿ ಬದಿಯ ಬಾಯಿಂದ ಹೊರಗೆ ಹಾರುತ್ತದೆ. ಹಿಡಿಯುವುದೂ ಪಕ್ಕಕ್ಕೆ ಹಾಕುವುದೂ ಬೇಣದಲ್ಲಿ ಒಂದೇ ಎಡಗೈಯ ಕೆಲಸವಾಗಿತ್ತು. ಇಲ್ಲಿ ಎರಡೂ ಗಾಳಿಯ ಕೆಲಸ. ನುಣುಪಾಗಿ ಕೊಯ್ಯುವುದು ಬೇರೆ, ಚೂರನ್ನು ಚೆನ್ನಾಗಿ ಹೊರಹಾಕುವುದು ಬೇರೆ ಎಂದು ಎಣಿಸಿ ಎರಡಕ್ಕೂ ಪ್ರತ್ಯೇಕ ಸಾಮಾನು ಕೊಳ್ಳುವವರನ್ನು ಕಂಡರೆ ನನಗೀಗ ಮರುಕವಾಗುತ್ತದೆ.

ಹೀಗೆ ನೋಡತೊಡಗಿದ ಮೇಲೆ ನನ್ನ ತಪ್ಪುಗಳು ಒಂದೊಂದಾಗಿ ಕಂಡವು. ಎಲ್ಲಕ್ಕಿಂತ ನಾಚಿಕೆಯದು ಪೆಟ್ರೋಲ್ ಉಳಿಸುವ ನನ್ನ ಚಾಳಿ. ಥ್ರಾಟಲ್ ಸನ್ನೆಯ ಒಂದು ತುದಿಯಲ್ಲಿ ಮೊಲದ ಚಿತ್ರ, ಇನ್ನೊಂದು ತುದಿಯಲ್ಲಿ ಆಮೆಯ ಚಿತ್ರವಿರುತ್ತದೆ. ನಾನು ಎರಡರ ನಡುವೆ ಇಟ್ಟುಕೊಂಡು, ಬೇಗ ಮುಗಿಯಲೆಂದು ಗಾಲಿಯನ್ನು ಮಾತ್ರ ಜೋರಾಗಿ ಓಡಿಸುತ್ತಿದ್ದೆ. ಎಂಜಿನ್ ನಿಧಾನವಾದರೆ ಬ್ಲೇಡೂ ನಿಧಾನ, ಗಾಳಿಯೂ ಕುಂದುತ್ತದೆ. ಅದರ ಮೇಲೆ ಗಾಲಿ ಬೇಗ ಉರುಳಿದರೆ ಡೆಕ್ಕಿನೊಳಕ್ಕೆ ಬಂದು ಬೀಳುವ ಹುಲ್ಲು ಮಾತ್ರ ಹೆಚ್ಚು. ಬೇಕಾದದ್ದು ತಿರುವುಮುರುವು: ಎಂಜಿನ್ನಿಗೆ ಮೊಲ, ಗಾಲಿಗೆ ಆಮೆ.

ಎರಡನೆಯದು ಡೆಕ್ಕಿನ ಒಳಮೈ. ಯಂತ್ರವನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿಟ್ಟು (ಇದನ್ನು ಮರೆತು ಬ್ಲೇಡಿಗೆ ಕೈ ಹಾಕಲೇಬಾರದು) ಬಗ್ಗಿ ನೋಡಿದರೆ, ಗೋಡೆಗೆ ತಟ್ಟಿದ ಬೆರಣಿಯಂತೆ ಒಂದಂಗುಲ ದಪ್ಪದ ಒಣಹುಲ್ಲು ಮೆತ್ತಿಕೊಂಡಿತ್ತು. ಗಾಳಿ ಸುತ್ತಬೇಕಾದ ಜಾಗವೆಲ್ಲ ಅದಕ್ಕೇ ಹೋಗಿತ್ತು, ಬದಿಯ ಬಾಯಿ ಅರ್ಧ ಕಟ್ಟಿತ್ತು. ಮರದ ಚಕ್ಕೆಯಿಂದ ಕೆರೆದು ತೆಗೆದೆ. ಹಾಗೆ ಮೆತ್ತಿಕೊಂಡದ್ದು ಇಬ್ಬನಿ ಆರುವ ಮುನ್ನವೇ ಯಂತ್ರ ಹೊರಡಿಸುತ್ತಿದ್ದುದರಿಂದ. ನಮ್ಮೂರಲ್ಲಿ ಹಸಿಹುಲ್ಲನ್ನು ಬೆಳಗಿನ ತಂಪಿನಲ್ಲೇ ಕೊಯ್ಯುವುದು ಲೇಸು, ಬೆನ್ನಿಗೆ ಬಿಸಿಲು ತಾಗುವುದಿಲ್ಲ. ಮೋವರಿಗೆ ಆ ರೂಢಿ ಸಲ್ಲದು. ಒದ್ದೆ ಚೂರು ಭಾರ, ಒಂದಕ್ಕೊಂದು ಅಂಟುತ್ತದೆ, ಗಾಳಿಗೆ ಹಾರುವುದಿಲ್ಲ. ಈಗ ನಾನು ಮಧ್ಯಾಹ್ನ ಹೊರಳುವವರೆಗೆ ಕಾಯುತ್ತೇನೆ.

ಮೂರನೆಯ ತಪ್ಪಿಗೆ ನನ್ನಂಥ ಹಲವು ಹೊರನಾಡ ಕನ್ನಡಿಗರೂ ಪಾಲುದಾರರು. ಹೇಗೂ ಕತ್ತರಿಸುತ್ತಿದ್ದೇವೆ, ಬುಡಮಟ್ಟ ಕತ್ತರಿಸಿದರೆ ಹದಿನೈದು ದಿನ ನಿಶ್ಚಿಂತೆ ಎಂಬ ಲೆಕ್ಕ ನಮ್ಮದು; ರಜೆಗೆ ಮುನ್ನ ಮಕ್ಕಳ ತಲೆ ಬೋಳಿಸಿಬಿಡುವಂತೆ. ದನಕ್ಕೆಂದು ಕೊಯ್ಯುವಾಗ ಅದು ಸರಿಯಾದ ಲೆಕ್ಕವೇ, ಬುಡದಲ್ಲಿ ಬಿಟ್ಟಷ್ಟೂ ಹೊರೆಗೆ ನಷ್ಟ. ಆದರೆ ಇಲ್ಲಿ ನಾವು ಬೆಳೆಸುವುದು ಟಾಲ್ ಫೆಸ್ಕ್ಯೂ ಎಂಬ ತಂಪುಗಾಲದ ಹುಲ್ಲು; ಮೂರು ಅಂಗುಲಕ್ಕಿಂತ ಗಿಡ್ಡ ಮಾಡಿದರೆ ಬೇಸಿಗೆಯಲ್ಲಿ ಸುಸ್ತಾಗಿ, ಬರಿದಾದ ನೆಲಕ್ಕೆ ಕಳೆ ನುಗ್ಗುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬ ಇಲ್ಲಿನ ಸೂತ್ರ ಗಾಳಿಯ ದೃಷ್ಟಿಯಿಂದಲೂ ಸರಿ. ಮೂರಂಗುಲ ಉಳಿಸಬೇಕಾದರೆ ನಾಲ್ಕೂವರೆಗೆ ಬಂದಾಗಲೇ ಕತ್ತರಿಸಬೇಕು. ಎಂಟಂಗುಲ ಬೆಳೆಯಲು ಬಿಟ್ಟು ಒಮ್ಮೆಲೇ ಬೋಳಿಸಹೊರಟರೆ ಆ ರಾಶಿಯನ್ನು ಹೊರಗೆಸೆಯುವ ಗಾಳಿ ಯಾವ ಡೆಕ್ಕಿನಲ್ಲೂ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಐದು ದಿನಕ್ಕೊಮ್ಮೆ ಯಂತ್ರ ಏರಬೇಕಾಗುವುದು ನಿಜ. ಆದರೆ ಪ್ರತಿ ಸಲದ ಕೆಲಸ ಹಗುರ.

ಇನ್ನು ಅಲಗಿನ ಮಾತು. ಕತ್ತಿ ಮೊಂಡಾದರೆ ಮಣಿಕಟ್ಟಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಅಪ್ಪಯ್ಯ ಕೆಲಸದ ನಡುವೆ ಎರಡು ಸಲವಾದರೂ ಕೂತು ಮಸೆಯುತ್ತಿದ್ದುದನ್ನು ನೋಡಿದ್ದೇನೆ. ಎಂಜಿನ್ನಿಗೆ ಮಣಿಕಟ್ಟಿಲ್ಲ. ಅಶ್ವಶಕ್ತಿ ಹೆಚ್ಚಿದಷ್ಟೂ ಮೊಂಡುತನ ಮರೆಯಾಗುತ್ತದೆ, ಹುಲ್ಲು ಮಾತ್ರ ಹರಿಯುತ್ತಲೇ ಇರುತ್ತದೆ. ಅಂಗಡಿಯ ಸಲಹೆಯ ಮೇಲಿನ ನನ್ನ ತಕರಾರು ಇದೇ. ಇಪ್ಪತ್ತು, ಇಪ್ಪತ್ತೈದು ಗಂಟೆ ಓಡಿಸಿದ ಮೇಲೆ ಬ್ಲೇಡ್ ಬಿಚ್ಚಿ ಮಸೆಯುವುದು ನನ್ನ ಪದ್ಧತಿ. ಕತ್ತಿಯಂತೆ ತೆಳುವಾಗಿ ಮಸೆಯಹೋಗಿ ಒಮ್ಮೆ ಪೆಟ್ಟು ತಿಂದೆ. ಮೊದಲ ಸಣ್ಣ ಕಲ್ಲಿಗೇ ಅಂಚು ಮಡಚಿಕೊಂಡಿತು. ಮೊದಲಿದ್ದ ಓರೆಯನ್ನೇ ಇಟ್ಟುಕೊಂಡು ಅರದಿಂದ ಉಜ್ಜಿದರೆ ಸಾಕು. ಗ್ರೈಂಡರ್ ಹಿಡಿದರೆ ಲೋಹ ನೀಲಿಯಾಗುವಷ್ಟು ಬಿಸಿಯಾಗಬಾರದು, ಹದ ಹೋಗುತ್ತದೆ. ಉಜ್ಜಿದ ಮೇಲೆ ಗೋಡೆಯ ಮೊಳೆಗೆ ನಡುತೂತಿನಿಂದ ನೇತುಹಾಕಿ, ತಕ್ಕಡಿಯಂತೆ ಯಾವ ಬದಿ ಇಳಿಯುತ್ತದೋ ಆ ಬದಿಯನ್ನು ಇನ್ನಷ್ಟು ಸವೆಸಬೇಕು. ಇಲ್ಲವಾದರೆ ಅದರುವಿಕೆಗೆ ಬೇರಿಂಗ್ ಹಾಳಾಗುತ್ತದೆ. ಹಿಂಬದಿಯ ರೆಕ್ಕೆ ಮಣ್ಣು ಮರಳಿಗೆ ಸವೆದು ತೆಳುವಾಗಿದ್ದರೆ ಅಲಗು ಎಷ್ಟು ಹರಿತವಿದ್ದರೂ ಆ ಬ್ಲೇಡನ್ನು ಎಸೆಯುವುದೇ ಸರಿ, ಎಡಗೈ ಹೋದ ಮೇಲೆ ಬಲಗೈ ಏನು ಮಾಡೀತು?

ಡೆಕ್ ಮಟ್ಟ ಮಾಡುವುದಕ್ಕೆ ಮುನ್ನ ಟಯರ್ ನೋಡಬೇಕೆಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ನನ್ನ ಬಲಹಿಂಬದಿ ಟಯರಿನಲ್ಲಿ ಗಾಳಿ ಇಳಿದು, ಡೆಕ್ ಒಂದೇ ಕಡೆಗೆ ವಾಲಿ ಅಂಗಳಕ್ಕೆ ಮೆಟ್ಟಿಲು ಕೊರೆಯುತ್ತಿತ್ತು. ಟಯರ್ ಸರಿಮಾಡಿ, ಸಪಾಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಬ್ಲೇಡಿನ ತುದಿ ನೆಲದಿಂದ ಎಷ್ಟೆತ್ತರವಿದೆ ಎಂದು ಎರಡೂ ಬದಿಯಲ್ಲಿ ಅಳೆದು ಸರಿಹೊಂದಿಸಬೇಕು. ಆಮೇಲೆ ಮುಂತುದಿಯು ಹಿಂತುದಿಗಿಂತ ಕಾಲಂಗುಲದಷ್ಟು ತಗ್ಗಿರುವಂತೆ, ಯಂತ್ರದ ಕೈಪಿಡಿ ಹೇಳುವ ಅಳತೆಗೆ, ವಾಲಿಸಬೇಕು. ಹಿಂಬದಿ ತಗ್ಗಿದ್ದರೆ ಮುಂದೆ ಕತ್ತರಿಸಿದ್ದನ್ನೇ ಬ್ಲೇಡ್ ಹಿಂದೆ ಮತ್ತೊಮ್ಮೆ ಉಜ್ಜಿ ಶಕ್ತಿ ಪೋಲು ಮಾಡುತ್ತದೆ.

ಕೊಯ್ದ ಹುಲ್ಲನ್ನು ಏನು ಮಾಡಬೇಕು ಎಂಬಲ್ಲಿ ಎರಡು ಊರುಗಳ ದಾರಿ ಪೂರ್ತಿ ಅಗಲುತ್ತದೆ. ಫೋನಿನಲ್ಲಿ ಅಪ್ಪಯ್ಯ, "ಅಷ್ಟು ಹುಲ್ಲು ಕೊಯ್ದು ದನಕ್ಕೂ ಹಾಕದೆ ಬಿಡ್ತೀಯಲ್ಲೋ" ಎಂದು ಈಗಲೂ ಹಲುಬುತ್ತಾರೆ. ಅಲ್ಲಿ ಮುಖ್ಯವಾದದ್ದು ಕೊಯ್ದದ್ದು, ಇಲ್ಲಿ ಮುಖ್ಯವಾದದ್ದು ಉಳಿದದ್ದು. ಹಾಗೆಂದು ಇಲ್ಲಿಯ ಚೂರು ಕಸವಲ್ಲ. ನೆಲದಲ್ಲೇ ಹರಡಿ ಬಿಟ್ಟರೆ ಹುಲ್ಲುಹಾಸಿಗೆ ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದವರೆಗೆ ಅದರಿಂದಲೇ ಸಿಗುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುವ ಊರಿನವನಾದ ನನಗೆ, ಚೂರನ್ನು ಚೀಲಕ್ಕೆ ತುಂಬಿ ರಸ್ತೆ ಬದಿಗಿಟ್ಟು, ಅದೇ ವಾರ ಗೊಬ್ಬರದ ಚೀಲ ಕೊಂಡು ತರುವ ನೆರೆಹೊರೆಯ ಪದ್ಧತಿ ಒಗ್ಗುವುದೇ ಇಲ್ಲ.

ಚೂರು ಇನ್ನೂ ದೂರ ಹಾರಲೆಂದು ಬದಿಯ ಬಾಯಿಯ ಮುಚ್ಚಳವನ್ನು ಮೇಲಕ್ಕೆ ಕಟ್ಟಿಡುವವರಿದ್ದಾರೆ. ಅದು ಶುದ್ಧ ಅವಿವೇಕ. ಆ ವೇಗದಲ್ಲಿ ಸಿಡಿಯುವ ಕಲ್ಲಿಗೆ ಮಕ್ಕಳು, ಕಿಟಕಿ ಎಂಬ ಭೇದವಿಲ್ಲ. ಅದಕ್ಕಿಂತ ಸುತ್ತುವ ದಿಕ್ಕು ಬದಲಿಸಿದರೆ ಸಾಕು. ಬಾಯಿ ಬಲಕ್ಕಿರುವುದರಿಂದ, ಪ್ರದಕ್ಷಿಣೆ ಹಾಕಿದರೆ ಚೂರು ಒಳಗಿನ ಕತ್ತರಿಸದ ಹುಲ್ಲಿನ ಮೇಲೆ ಬಿದ್ದು, ಮುಂದಿನ ಸುತ್ತಿನಲ್ಲಿ ಬ್ಲೇಡಿಗೆ ದುಪ್ಪಟ್ಟು ಹೊರೆ. ಅಪ್ರದಕ್ಷಿಣೆ ಹಾಕಿದರೆ ಹೊರಗಿನ, ಆಗಲೇ ಕತ್ತರಿಸಿದ ಜಾಗದ ಮೇಲೆ ತೆಳುವಾಗಿ ಹರಡುತ್ತದೆ. ಹೂವಿನ ಪಾತಿಗೂ ರಸ್ತೆಗೂ ಚೂರು ಸಿಡಿಯದಂತೆ ಮೊದಲ ಎರಡು ಸುತ್ತು ಮಾತ್ರ ಪ್ರದಕ್ಷಿಣೆ. ರಸ್ತೆಯ ಮೇಲೆ ಬಿದ್ದ ಹಸಿಹುಲ್ಲಿಗೆ ಬೈಕುಗಳು ಜಾರುತ್ತವೆ. ದೇವಸ್ಥಾನದ ಅಭ್ಯಾಸಕ್ಕೆ ಬಿದ್ದಿದ್ದ ನನಗೆ ತಿರುಗಿ ಸುತ್ತುವುದು ಕೆಲವು ವಾರ ಕಸಿವಿಸಿಯಾಗಿಯೇ ಇತ್ತು.

ಕಳೆದ ಬೇಸಿಗೆಯಲ್ಲಿ ಈ ಸುತ್ತಾಟವನ್ನು ವಿಡಿಯೊದಲ್ಲಿ ನೋಡಿದ ಅಪ್ಪಯ್ಯ ಕೇಳಿದ್ದು ಒಂದೇ: "ಇದನ್ನ ಬೇಣಕ್ಕೆ ಹತ್ತಿಸಬಹುದನಾ?" ಹದಿನೈದು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಓಡಿಸಿದರೆ ಇದು ಮಗುಚುತ್ತದೆ ಎಂದೆ. "ಹಾಗಾದ್ರೆ ಕತ್ತಿಯೇ ಸೈ" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.