ಇರ್ಲಿ, ಬೇಕಾಗ್ತೈತಿ

ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಿತ್ತಲಿಗೆ ಹೋದೆ. ಬಚ್ಚಲ ಪಕ್ಕದ ಗೂಡಿನಲ್ಲಿ ಬತ್ತಿ ಸ್ಟೋವ್ ಕೂತಿತ್ತು. ನಿನ್ನೆ ಭಾನುವಾರ ನಾನೇ ನನ್ನ ಕೈಯಾರೆ ಗುಜರಿಯವನಿಗೆ ₹90ಕ್ಕೆ ಮಾರಿದ ಸ್ಟೋವ್. ಮುರಿದ ಒಂದು ಕಾಲು, ಆ ಕಾಲಿನ ಕೆಳಗೆ ಮಡಚಿ ಇಟ್ಟ ರಟ್ಟು, ಹೊಟ್ಟೆಯ ಮೇಲಿನ ಮಸಿ, ಎಲ್ಲಾ ಅದೇ. ಬಾಯಲ್ಲಿದ್ದ ನೊರೆ ಹಾಗೇ ಗಂಟಲಿಗೆ ಇಳಿಯಿತು.

"ಅವ್ವಾ, ಈ ಸ್ಟೋ ಹ್ಯಾಂಗ ಬಂತು ಇಲ್ಲಿ?"

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಯಾವ ಸ್ಟೋ?" ಅಂದಳು. ಮನೆಯಲ್ಲಿ ನಾಲ್ಕೈದು ಸ್ಟೋವ್ ಇರುವವರು ಕೇಳುವ ಹಾಗೆ.

ಸಾಲದ ವಿಷಯ ಸ್ವಲ್ಪ ಹೇಳದಿದ್ದರೆ ಈ ಸ್ಟೋವಿನ ಸಿಟ್ಟು ನಿಮಗೆ ಅರ್ಥ ಆಗುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಕಥೆಯೇ ಆದ್ದರಿಂದ ಬೇಗ ಮುಗಿಸುತ್ತೇನೆ. ತಂಗಿ ಮದುವೆಗೆ ಒಂದು, ಮೇಲಿನ ಖೋಲಿಗೆ ಒಂದು, ಬೈಕಿಗೆ ಒಂದು. ಇವುಗಳ ಕಂತು ತಪ್ಪದಿರಲಿ ಅಂತ ಅವ್ವನ ಬೋರಮಾಳ ಸರ ಅಡ ಇಟ್ಟು ತಂದದ್ದು ಇನ್ನೊಂದು. ಒಂಬತ್ತು ವರ್ಷ ಪ್ರತಿ ತಿಂಗಳ 5ನೇ ತಾರೀಖು ಅಂದರೆ ನನಗೆ ಅಮಾವಾಸ್ಯೆ. ನಾನು ಕೊಪ್ಪಳದ ಜವಾಹರ್ ರಸ್ತೆಯ ಕಡೆ ಒಂದು ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವವನು. ಮಾಲೀಕರ ಲೆಕ್ಕ ಪೈಸೆ ತಪ್ಪದೆ ಬರೆಯುತ್ತೇನೆ. ನನ್ನ ಲೆಕ್ಕ ಮಾತ್ರ ಬ್ಯಾಂಕಿನವರೇ ಬರೆಯುತ್ತಿದ್ದರು.

2020ರಲ್ಲಿ ಅಂಗಡಿ ಮುಚ್ಚಿದಾಗ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿಕೊಳ್ಳಬಹುದು ಅಂದರು. ಮುಂದೂಡಿದೆ. ಬಡ್ಡಿ ಮಾತ್ರ ತನ್ನ ಪಾಡಿಗೆ ತಾನು ಕೆಲಸಕ್ಕೆ ಹೋಗುತ್ತಿತ್ತು.

ಅಂತೂ ಹೋದ ಡಿಸೆಂಬರ್ 5ಕ್ಕೆ ಕೊನೆಯ ಕಂತು ಹೋಯಿತು. ಸಾಲ ತೀರಿದ 30 ದಿನದೊಳಗೆ ಮನೆ ಪತ್ರ ವಾಪಸ್ ಕೊಡಬೇಕು, ತಮ್ಮ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಇದು ಗೊತ್ತಾದ ದಿನದಿಂದ, ಒಂದು ವಾರ ತಡ ಮಾಡಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂದು ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದವರು 26ನೇ ದಿನವೇ ಕರೆದು ಪತ್ರ ಕೈಗಿಟ್ಟರು. ಬೈಕಿನ ಆರ್‌ಸಿಯಿಂದ ಅವರ ಹೆಸರು ತೆಗೆಸಲು ಫಾರಂ 35 ತುಂಬಿ ಆರ್‌ಟಿಒಗೆ ಕೊಟ್ಟೆ. ಬೈಕು ನನ್ನದಾಯಿತು. ಅಷ್ಟರಲ್ಲಿ ಅದಕ್ಕೂ ನನಗೂ ಮಂಡಿ ನೋವು.

ಆಮೇಲೆ ಎರಡು ಶಪಥ ಮಾಡಿದೆ. ಒಂದು, ಇನ್ನು ಮೇಲೆ ದುಂದು ಖರ್ಚು ಇಲ್ಲ. ಎರಡು, ಮನೆಯಲ್ಲಿ ಬೇಡದ್ದೆಲ್ಲ ಹೊರಗೆ. ಮೊದಲನೆಯದು ಸಲೀಸಾಗಿ ನಡೆಯಿತು. ಒಂಬತ್ತು ವರ್ಷದ ಅಭ್ಯಾಸ ಅಲ್ವಾ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋಗಿ, ಒಂದು ಪ್ಲಾಸ್ಟಿಕ್ ಬಕೆಟ್ ಸಹ ಕೊಳ್ಳದೆ, ದಾಸೋಹದಲ್ಲಿ ಕೊಟ್ಟ ಮಿರ್ಚಿ ತಿಂದು ಬಂದೆ. ಕಷ್ಟ ಆದದ್ದು ಎರಡನೆಯದು.

ಅಟ್ಟದ ಬಾಗಿಲು ತೆಗೆದ ದಿನ ನೆನಪಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿ ಹೋಯಿತಲ್ಲ, ಹೆಚ್ಚು ಕಡಿಮೆ ಹಾಗೇ ಆಯಿತು. ಮೊದಲು ಒಂದು ತಗಡಿನ ಡಬ್ಬಿ ಬಿತ್ತು. ಅದರ ಹಿಂದೆ ಹಾರ್ಲಿಕ್ಸ್ ಬಾಟಲಿ, ಹಾಲಿನ ಪಾಕೀಟಿನ ಕಟ್ಟು, ಕಿವಿ ಇಲ್ಲದ ಬೋಗುಣಿ, ಮಗಳ ಸಣ್ಣ ಸೈಕಲ್ಲು. ಗಣಪತಿ ಚಿತ್ರ ಇದೆ ಅಂತ ಎಸೆಯದೆ ಇಟ್ಟ ಲಗ್ನಪತ್ರಿಕೆಗಳು ಒಂದು ಚೀಲ. ಇದರಲ್ಲಿ ಮೂರು ಜೋಡಿ ಈಗ ಒಟ್ಟಿಗೂ ಇಲ್ಲ. ನಡೆಯದ ಗೋಡೆ ಗಡಿಯಾರ ಐದು, ಎಲ್ಲಾ ನಮ್ಮ ಮದುವೆಗೆ ಬಂದ ಆಯೇರಿ. ಹಳೇ ಸೀರೆಯ ಗಂಟು ಎರಡು, ಕೌದಿ ಹೊಲಿಸಲಿಕ್ಕೆ. ಆ ಕೌದಿ ಆರು ವರ್ಷದಿಂದ ಬರುವ ತಿಂಗಳು ಹೊಲಿಯುವುದಿದೆ.

ಜಂಪರ್ ಪೀಸುಗಳ ಚೀಲ ನಾನು ಮುಟ್ಟಲಿಲ್ಲ. ಅವು ಯಾರದ್ದೂ ಅಲ್ಲ. ಉಡಿ ತುಂಬುವ ಕಡೆಯೆಲ್ಲ ಊರೂರು ತಿರುಗುತ್ತಿರುತ್ತವೆ. ಗುಲಾಬಿ ಬಣ್ಣದ್ದೊಂದು ನಮ್ಮ ಮನೆಗೆ ಬಂದದ್ದು ಇದು ಎರಡನೇ ಸಲ.

ಒಂದೊಂದೇ ಎತ್ತಿ ತೋರಿಸಿದೆ. ಅವ್ವ ಕಟ್ಟೆಯ ಮೇಲೆ ಕೂತು ಜಡ್ಜ್ ಥರ ತೀರ್ಪು ಕೊಟ್ಟಳು. ತೀರ್ಪು ಒಂದೇ. "ಇರ್ಲಿ, ಬೇಕಾಗ್ತೈತಿ."

"ಹ್ಯಾಂಡಲ್ ಇಲ್ಲದ ಛತ್ರಿ ಅವ್ವ ಇದು."

"ಕಡ್ಡಿ ಅದಾವಲ್ಲ. ಇರ್ಲಿ, ಬೇಕಾಗ್ತೈತಿ."

"ಈ ಬೀಗಕ್ಕ ಕೀಲಿ ಇಲ್ಲ."

"ಕೀಲಿ ಇನ್ನೊಂದು ಡಬ್ಬ್ಯಾಗ ಅದಾವು, ಯಾದರ ಒಂದು ಕುಂದ್ರತೈತಿ. ಇರ್ಲಿ."

"ಸ್ಟೋ? ಗ್ಯಾಸ್ ಇದ್ದವರಿಗೆ ರೇಷನ್ ಅಂಗಡ್ಯಾಗ ಚಿಮಣಿ ಎಣ್ಣಿ ಕೊಡೋದು ಬಿಟ್ಟು ಎಷ್ಟು ವರ್ಷ ಆತು?"

"ಮುಂದ ಕೊಟ್ರ? ಆವಾಗ ಸ್ಟೋ ಎಲ್ಲಿಂದ ತರ್ತಿ?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ.

ಅವ್ವನನ್ನು ಕೇಳದೆ ಒಂದೇ ಒಂದು ವಸ್ತು ಎಸೆದೆ. ಕನ್ನಡಿ ಹಿಂದೆ ಸಿಕ್ಕಿಸಿದ್ದ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಕರ್ರಗೆ ಏನೋ ಉಂಡೆ ಉಂಡೆ ಇತ್ತು, ಇಲಿ ಗೂಡು ಅಂದುಕೊಂಡು ಕಸದ ಗಾಡಿಗೆ ಹಾಕಿದೆ. ಅವು ಅವ್ವ ಮತ್ತು ನನ್ನ ಹೆಂಡತಿ ತಲೆ ಬಾಚಿದಾಗ ಸುತ್ತಿಟ್ಟ ಕೂದಲು. ನಮ್ಮೂರಿಗೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ಕೂದಲಿನದೇ ದೊಡ್ಡ ವ್ಯಾಪಾರ. ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ವಿಗ್ಗಿಗೆ ಅಂತ ಹೊರದೇಶಕ್ಕೂ ಕಳಿಸುತ್ತಾರೆ. ಇಲ್ಲಿ ನೆಲಕ್ಕೆ ಬಿದ್ದ ಕೂದಲಿಗೂ ರೇಟು ಇದೆ ಅನ್ನುವುದನ್ನು ನಾನು ಮರೆತಿದ್ದೆ. "ಆರು ತಿಂಗಳದ್ದು ರೀ ಅದು!" ಅಂತ ಹೆಂಡತಿ ತಲೆಗೆ ಕೈ ಹೊತ್ತು ಕೂತಳು. ಕೂದಲು ಉದುರುತ್ತದೆ ಅಂತ ಅಳುವವರನ್ನು ನೋಡಿದ್ದೇನೆ. ಉದುರಿದ ಕೂದಲು ಹೋಯಿತು ಅಂತ ಅತ್ತದ್ದು ಅವತ್ತೇ ನೋಡಿದ್ದು. ಅಲ್ಲಿಗೆ ಮನೆಯಲ್ಲಿ ನನಗಿದ್ದ ಒಂದು ವೋಟೂ ಹೋಯಿತು.

ಹೀಗಾಗಿ ಅವ್ವ ಗುಡಿಗೆ ಹೋಗುವ ಹೊತ್ತು ನೋಡಿ ಮಾರುವುದು ಅಂತ ತೀರ್ಮಾನಿಸಿದೆ. ಭಾನುವಾರ ಒಂಬತ್ತಕ್ಕೆ ಗುಜರಿ ಗಾಡಿ ಬರುತ್ತದೆ. "ಹಳೇ ಕಬ್ಬಿಣ, ಹಳೇ ಪೇಪರ್, ಪ್ಲಾಸ್ಟಿಕ್" ಅಂತ ರೆಕಾರ್ಡ್ ಮಾಡಿದ ಹೆಣ್ಣು ದನಿ ಕೂಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಅವ್ವ ಗುಡಿಗೆ ಹೊರಡುತ್ತಾಳೆ. ಆಹಾ, ದೇವರೇ ನನ್ನ ಕಡೆ ಇದ್ದಾನೆ ಅಂದುಕೊಂಡೆ.

ಮೊದಲನೇ ಭಾನುವಾರ ತಗಡಿನ ಡಬ್ಬಿಗಳು ಹೋದವು, ₹60. ಎರಡನೇ ಭಾನುವಾರ ಮಗಳ ಸೈಕಲ್ಲು, ₹140. ನಿನ್ನೆ ಸ್ಟೋವ್, ₹90. ಆ ದುಡ್ಡನ್ನು ಪ್ರತಿ ಸಲ ಒಂದು ಡಬ್ಬಿಗೆ ಹಾಕಿ, ಡೈರಿಯಲ್ಲಿ 'ಜಮಾ' ಅಂತ ಬರೆದೆ. ಒಂಬತ್ತು ವರ್ಷದ ಮೇಲೆ ಆ ಪದ ಬರೆಯುವ ಸುಖವೇ ಬೇರೆ.

ನಡುವೆ ಮಾಳಿಗೆ ಮೇಲೆ ತಗಡಿನ ಡಬ್ಬಿ ಕಂಡಿದ್ದವು. ಬೇರೆ ಇರಬೇಕು ಅಂದುಕೊಂಡೆ, ನಮ್ಮ ಮನೆಯಲ್ಲಿ ಡಬ್ಬಿಗೇನು ಬರ. ಪಕ್ಕದ ಮನೆಯವರ ಹಿತ್ತಲಲ್ಲಿ ಒಂದು ಸಣ್ಣ ಸೈಕಲ್ಲು ಗೋಣಿ ಚೀಲ ಹೊದ್ದು ನಿಂತಿತ್ತು. ಅವರಿಗೆ ಸಣ್ಣ ಮಕ್ಕಳೇ ಇಲ್ಲವಲ್ಲ ಅಂತ ಒಂದು ಕ್ಷಣ ಅನಿಸಿತ್ತು. ಅಷ್ಟೇ.

ಇವತ್ತು ಗುಟ್ಟು ಬಿಟ್ಟುಕೊಟ್ಟವಳು ಮಗಳು. ಶಾಲೆಗೆ ಹೊರಟವಳು ಬೂಟಿನ ಲೇಸು ಕಟ್ಟುತ್ತಾ ಹೇಳಿದಳು. "ಅಪ್ಪಾ, ಅಜ್ಜಿ ಮೂಲಿ ಬೇವಿನ ಗಿಡದ ಕೆಳಗ ನಿಂತಿರ್ತಾಳ. ಗಾಡಿ ಅಂಕಲ್ ಅಲ್ಲೇ ವಾಪಸ್ ಕೊಡ್ತಾನ."

ಅಂಗಡಿಗೆ ಹೋಗುವ ದಾರಿಯಲ್ಲಿ ಗುಜರಿಯವನು ಚಹಾದಂಗಡಿ ಮುಂದೆ ಸಿಕ್ಕ. ಗಾಡಿ ಪಕ್ಕಕ್ಕೆ ಹಚ್ಚಿ ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ನಾಚಿಕೆ ಪಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನು ನೋಡಿ ಹಲ್ಲು ಬಿಟ್ಟು, "ಬರ್ರಿ ಸರ, ಚಾ ಕುಡೀರಿ" ಅಂದ. ಅಂಗಡಿಯವರು ಒಳ್ಳೇ ಗಿರಾಕಿಗೆ ಹೇಳುವ ಹಾಗೆ.

"ಸ್ಟೋ ಎಷ್ಟಕ್ಕ ಕೊಟ್ಟಿ ಅವ್ವಗ?"

"ನೂರಾ ಇಪ್ಪತ್ತು ಸರ."

"ನನ್ನ ಹತ್ರ ತೊಂಬತ್ತಕ್ಕ ತಗೊಂಡಿದ್ದಿ!"

"ಮತ್ತ ಮೂಲಿ ತನಕ ಹೊತ್ಕೊಂಡು ಹೋಗಿಲ್ಲೇನ್ರಿ?"

ಮೂಲೆ ಅಂದರೆ ನಮ್ಮ ಮನೆಯಿಂದ ಅರವತ್ತು ಹೆಜ್ಜೆ. ಡಬ್ಬಿಗಳನ್ನು ₹80ಕ್ಕೆ, ಸೈಕಲ್ಲನ್ನು ₹190ಕ್ಕೆ ಕೊಟ್ಟಿದ್ದಾನಂತೆ. ನಾನು ಲೆಕ್ಕ ಬರೆಯುವವನು, ತಲೆ ತಾನಾಗೇ ಓಡಿತು. ಮಾರಿದ್ದು ₹290. ಕೊಂಡದ್ದು ₹390. ನೂರು ರೂಪಾಯಿ ಲುಕ್ಸಾನು. ಶೇಕಡ 34ರ ಬಡ್ಡಿ. ನನ್ನ ಪರ್ಸನಲ್ ಲೋನಿಗೆ ವರ್ಷಕ್ಕೆ ಶೇಕಡ 14 ಇತ್ತು, ಅದಕ್ಕೇ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇವನದು ಅರವತ್ತು ಹೆಜ್ಜೆಗೆ ಶೇಕಡ 34. ಅದೂ ನಮ್ಮದೇ ಸಾಮಾನಿಗೆ.

"ಸಿಟ್ಟಾಗಬ್ಯಾಡ್ರಿ ಸರ" ಅಂದ ಅವನು, ಬಸಿ ಕೆಳಗಿಟ್ಟು. "ಅಮ್ಮಾರು ಮದ್ಲ ಬಂದು ಹೇಳಿದ್ರು. ನಮ್ಮ ಹುಡುಗ ಏನ್ ಕೊಟ್ರೂ ಬ್ಯಾಡ ಅನಬ್ಯಾಡ, ತಗೋ. ರೇಟೂ ಚಲೋ ಕೊಡು. ಅಂವಂಗ ಮಾರಿದ ಖುಷಿ ಆಗ್ಲಿ. ಆಮ್ಯಾಲ ಮೂಲ್ಯಾಗ ನಿಂದ್ರು, ನಾ ಬರ್ತೀನಿ ಅಂದ್ರು."

ಅಂದರೆ ಆ ₹90 ಸಹ ಅವ್ವ ಕೊಡಿಸಿದ್ದು. ಪೇಟೆಯಲ್ಲಿ ಆ ಸ್ಟೋವಿಗೆ ಮೂವತ್ತೂ ಬರುವುದಿಲ್ಲವಂತೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವ್ವ, ಗೃಹಲಕ್ಷ್ಮಿಯ ₹2,000 ಅವಳ ಖಾತೆಗೇ ಬರುತ್ತದೆ. ಆ ದುಡ್ಡು ಏನಾಗುತ್ತದೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಈಗ ಗೊತ್ತಾಯಿತು. ನಾಲ್ಕೂರು ಬಿಟ್ಟು ದುಡಿಯಲು ಬಂದ ಗುಜರಿಯವನ ಮನೆಯ ಲಕ್ಷ್ಮಿ ನಮ್ಮ ಅವ್ವ.

ಮಧ್ಯಾಹ್ನ ಊಟಕ್ಕೆ ಬಂದವನು ಮಾತಾಡದೆ ಮಾಳಿಗೆ ಹತ್ತಿದೆ. ಡಬ್ಬಿಗಳು ಸಾಲಾಗಿ ಬಿಸಿಲಿಗೆ ಬೋರಲು ಬಿದ್ದಿದ್ದವು. ಎಣ್ಣೆ ಡಬ್ಬಿಗಳು, ಹದಿನೈದು ಕೆಜಿಯವು. ಮುಚ್ಚಳ ಕತ್ತರಿಸಿ, ಅಂಚು ಕೈಗೆ ತಾಗದಂತೆ ಮಡಚಿ ಬಡಿದು, ತಂತಿಯ ಹಿಡಿಕೆ ಹಾಕಿಸಿದ್ದು. ಒಂದರ ಹೊಟ್ಟೆಯ ಮೇಲೆ ಸುಣ್ಣದಲ್ಲಿ 'ಜೋಳ' ಅಂತ ಅಪ್ಪನ ಅಕ್ಷರ. 'ಳ'ದ ಬಾಲ ಅಳಿಸಿದೆ. 2020ರ ಆ ಬೇಸಿಗೆಯಲ್ಲಿ ಮೂರು ತಿಂಗಳು ನನಗೆ ಅರ್ಧ ಪಗಾರ. ಅಪ್ಪ ಹೋಗಿ ಆಗ ಎರಡು ವರ್ಷ. ಅವ್ವ ಪ್ರತಿ ಸೋಮವಾರ ಒಂದೊಂದು ಡಬ್ಬಿ ಬಾಯಿ ತೆಗೆಯುತ್ತಿದ್ದಳು. ಮೇಲೆ ಒಣಗಿದ ಬೇವಿನ ಎಲೆ, ಕೆಳಗೆ ಜೋಳ. ಎಷ್ಟು ಡಬ್ಬಿ ಉಳಿದಿವೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇದೇ ಡಬ್ಬಿಗಳನ್ನು ನಾನು ಅರವತ್ತು ರೂಪಾಯಿಗೆ ಕೊಟ್ಟಿದ್ದೆ. ಬಿಸಿಲಿಗೆ ತಗಡು ಸುಡುತ್ತಿತ್ತು. ಕೈ ತೆಗೆದೆ.

ಕೆಳಗೆ ಇಳಿದು ಬರುವಾಗ ಫೋನ್ ಬಂತು. ಸಾಲ ತೀರಿದಾಗಿನಿಂದ ದಿನಕ್ಕೊಂದು ಬರುತ್ತದೆ. ನಿಮ್ಮ ಸಿಬಿಲ್ ಸ್ಕೋರ್ ಬಹಳ ಚೆನ್ನಾಗಿದೆ ಸರ್, ಐದು ಲಕ್ಷ ಮಂಜೂರಾಗಿದೆ ಸರ್, ಬರೀ ಹೂಂ ಅನ್ನಿ ಸಾಕು ಸರ್. ಬೇಕಿದ್ದಾಗ ಬಾಗಿಲಲ್ಲಿ ನಿಲ್ಲಿಸಿದವರು ಈಗ ಮನೆ ಹುಡುಕಿಕೊಂಡು ಬರುತ್ತಾರೆ.

"ಯಾರಪಾ ಅದು?" ಅಂದಳು ಅವ್ವ.

"ಸಾಲ ಬೇಕೇನು ಅಂತ ಕೇಳಾಕತ್ತಾರ."

"ಬ್ಯಾಡ ಅನ್ನು" ಅಂದಳು. ನಲವತ್ತೆರಡು ವರ್ಷದಲ್ಲಿ ಅವ್ವ ಒಂದು ವಸ್ತುವಿಗೆ ಬ್ಯಾಡ ಅಂದದ್ದನ್ನು ಮೊದಲ ಸಲ ಕೇಳಿದೆ. ಫೋನ್ ಇಟ್ಟೆ.

ಆದರೂ ಆ ನೂರು ರೂಪಾಯಿ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು. ಊಟ ಮಾಡುತ್ತಾ ಹೇಳಿದೆ. "ಅವ್ವಾ, ಇನ್ನ ಮುಂದ ಗುಜರಿಯಂವ ಬ್ಯಾಡ. ನಾನಽ ನಿನಗ ಮಾರ್ತೀನಿ. ಮನ್ಯಾಗಿಂದ ಮನ್ಯಾಗ. ಅಟ್ಟದಾಗಿನ ಹಳೇ ಮಿಕ್ಸರ್ ಐತಲ್ಲ, ನೂರು ರೂಪಾಯಿ ಕೊಡು."

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಮಿಕ್ಸರನ್ನು ಮನಸ್ಸಿನಲ್ಲೇ ಎಲ್ಲಾ ಕಡೆ ತಿರುಗಿಸಿ ನೋಡಿದಳು.

"ಜಾರ್ ಅದಾವನು?"

"ಒಂದೈತಿ."

"ಮುಚ್ಚಳ?"

"ಇಲ್ಲ."

"ಹಂಗಾರ ಅರವತ್ತು" ಅಂದಳು. "ಅದೂ ಮೂಲಿ ತನಕ ನಡಿಯೋದು ಉಳಿತಲ್ಲ ಅಂತ."

ನಾನು ಎಂಬತ್ತಕ್ಕೆ ನಿಂತಿದ್ದೇನೆ. ಹೆಂಡತಿ ಎಪ್ಪತ್ತಕ್ಕೆ ಮುಗಿಸಿಕೊಳ್ಳಿ ಅನ್ನುತ್ತಿದ್ದಾಳೆ.