ಸೆಪ್ಸಿಸ್ ‘ಮನೆತನದ ಕಾಯಿಲೆ’ ಅಲ್ಲ: ಒಂದು ಸ್ಪಷ್ಟನೆ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ಇದು: ‘ಸೆಪ್ಸಿಸ್ ವಂಶದಿಂದ ಬರುತ್ತದೆ. ಜೀನ್ ಪರೀಕ್ಷೆ ಸರಿಯಿದ್ದವರು ತೋಟದಲ್ಲಾದ ಗಾಯಕ್ಕೆ ಹೆದರಬೇಕಿಲ್ಲ.’ ಮೊದಲ ಮಾತು ಅರೆನಿಜ, ಎರಡನೆಯದು ಅಪಾಯ.

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳೇ ಕೆಡುವ ಸ್ಥಿತಿ ಸೆಪ್ಸಿಸ್. ವಂಶವಾಹಿಗಳ ಪಾತ್ರ ಇದೆ. 1988ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನದಲ್ಲಿ, ಹೆತ್ತವರಲ್ಲೊಬ್ಬರು 50 ವರ್ಷದೊಳಗೆ ಸೋಂಕಿನಿಂದ ಸತ್ತಿದ್ದರೆ ಮಕ್ಕಳೂ ಸೋಂಕಿನಿಂದ ಸಾಯುವ ಸಂಭವ ಸುಮಾರು 5.8 ಪಟ್ಟು ಹೆಚ್ಚಿತ್ತು. ಅದು ಎಲ್ಲ ಬಗೆಯ ಸೋಂಕಿನ ಸಾವುಗಳ ಲೆಕ್ಕ, ಸೆಪ್ಸಿಸ್ ಒಂದರದ್ದಲ್ಲ. ಬ್ಯಾಕ್ಟೀರಿಯಾ ಗುರುತಿಸುವ ಟಿಎಲ್‌ಆರ್4 ಜೀನಿನ ಸಾಮಾನ್ಯ ಭೇದಗಳ ಪರಿಣಾಮವಂತೂ ಒಂದು ಅಧ್ಯಯನದಲ್ಲಿ ಕಂಡರೆ ಇನ್ನೊಂದರಲ್ಲಿ ಕಾಣುವುದಿಲ್ಲ. ಇಂಥದ್ದನ್ನು ನಂಬಿ ‘ಸುರಕ್ಷಿತ’ ಎಂಬ ವರದಿ ಕೊಡಲಾಗದು.

ಅಪರೂಪದ ಒಂಟಿ ಜೀನಿನ ದೋಷಗಳ ಮಾತು ಬೇರೆ. ರಕ್ತದಲ್ಲಿದ್ದು ಬ್ಯಾಕ್ಟೀರಿಯಾ ಕೊಲ್ಲಲು ನೆರವಾಗುವ ‘ಕಾಂಪ್ಲಿಮೆಂಟ್’ ಗುಂಪಿನ ಸಿ5ರಿಂದ ಸಿ9ರವರೆಗಿನ ಪ್ರೋಟೀನ್ ಕೊರತೆಯಿದ್ದವರಿಗೆ, ಮಿದುಳಿನ ಪೊರೆಗೆ ಉರಿಯೂತ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ಮರುಕಳಿಸಬಹುದು; ಅಲ್ಲಿ ಪರೀಕ್ಷೆಗೂ ಲಸಿಕೆಗೂ ಅರ್ಥವಿದೆ.

ಉಳಿದವರಿಗೆ ವಯಸ್ಸು, ಸಕ್ಕರೆ ಕಾಯಿಲೆ, ಗುಲ್ಮ (ಸ್ಪ್ಲೀನ್) ತೆಗೆಸಿರುವುದು ಹೆಚ್ಚು ಮುಖ್ಯ. ಗಾಯ ಅಥವಾ ಜ್ವರದ ಜೊತೆ ಉಸಿರು ನಿಮಿಷಕ್ಕೆ 22 ಮುಟ್ಟಿದರೆ, ಮೇಲಿನ ಬಿಪಿ 100ಕ್ಕೆ ಇಳಿದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.